ಮುಖ ಗೊತ್ತು, ಹೆಸರು ನೆನಪಿಲ್ಲ: ನಟ ರೀಸ್ ಈವನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಹೌಸ್ ಆಫ್ ದಿ ಡ್ರ್ಯಾಗನ್’ ಧಾರಾವಾಹಿ ನೋಡುತ್ತಿದ್ದಾಗ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ನಿಲುವಂಗಿ ತೊಟ್ಟು, ತುಟಿ ಬಿಗಿದುಕೊಂಡು ರಾಜನ ಪಕ್ಕದಲ್ಲಿ ನಿಂತಿರುವ ಆ ಮಂತ್ರಿಯೇ ‘ನಾಟಿಂಗ್ ಹಿಲ್’ ಚಿತ್ರದಲ್ಲಿ ಬರೀ ಚಡ್ಡಿಯಲ್ಲಿ ಬಾಗಿಲು ತೆರೆದವನು ಎಂದೆ. ಒಬ್ಬರೂ ನಂಬಲಿಲ್ಲ. ಮೊಬೈಲ್ ತೆಗೆದು ಎರಡೂ ಮುಖಗಳನ್ನು ತೋರಿಸಬೇಕಾಯಿತು. ತೋರಿಸಿದ್ದೇ ತಡ, ಪ್ರಶ್ನೆಗಳ ಸುರಿಮಳೆ. ಆಮೇಲೆ ಸಿನಿಮಾ ಹುಚ್ಚಿನ ಗೆಳೆಯರೂ ಅವೇ ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳತೊಡಗಿದರು. ಒಂದೇ ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ವಿರಾಮ.

ಯಾರು ಈ ರೀಸ್ ಈವನ್ಸ್?

ಬ್ರಿಟನ್ನಿನ ಭಾಗವಾದ ವೇಲ್ಸ್ ದೇಶದ ನಟ. ಹುಟ್ಟಿದ್ದು 1967ರ ಜುಲೈ 22ರಂದು. ಆರಡಿ ಮೀರಿದ ಎತ್ತರ, ಕಡ್ಡಿಯಂಥ ಮೈ, ಚೂಪು ಮೂಗು, ಎಲ್ಲೋ ಏನೋ ಕಿತಾಪತಿ ನಡೆಸುತ್ತಿರುವಂಥ ಕಣ್ಣು. ನಟನಾಗಿ ಹೆಸರು ಮಾಡುವ ಮೊದಲು ರಾಕ್ ತಂಡವೊಂದರ ಗಾಯಕ. ‘ಹ್ಯಾರಿ ಪಾಟರ್’, ‘ಸ್ಪೈಡರ್‌ಮ್ಯಾನ್’, ‘ಹೌಸ್ ಆಫ್ ದಿ ಡ್ರ್ಯಾಗನ್’ ಮೂರರಲ್ಲೂ ಇದ್ದಾರೆ. ಹೀಗಿದ್ದೂ ಬೀದಿಯಲ್ಲಿ ಎದುರಾದರೆ ‘ಇವರನ್ನು ಎಲ್ಲೋ ನೋಡಿದ್ದೇನಲ್ಲ’ ಎಂದು ತಲೆ ಕೆರೆದುಕೊಳ್ಳುವವರೇ ಹೆಚ್ಚು. ನಮ್ಮ ಚಿತ್ರರಂಗದ ಭಾಷೆಯಲ್ಲಿ ಹೇಳುವುದಾದರೆ ಮೊದಲ ದರ್ಜೆಯ ಪೋಷಕ ನಟ.

ಹೆಸರನ್ನು ‘ಇಫಾನ್ಸ್’ ಎಂದು ಬರೆಯುತ್ತಾರಲ್ಲ, ನೀವೇಕೆ ‘ಈವನ್ಸ್’ ಎನ್ನುತ್ತೀರಿ?

ಇಂಗ್ಲಿಷ್ ಕಣ್ಣಿನಿಂದ ಓದಿದರೆ ‘ಇಫಾನ್ಸ್’ ಆಗುತ್ತದೆ. ಆದರೆ ಅದು ಇಂಗ್ಲಿಷ್ ಹೆಸರಲ್ಲ, ವೇಲ್ಸ್‌ನ ಸ್ವಂತ ಭಾಷೆಯಾದ ವೆಲ್ಷ್‌ನ ಹೆಸರು. ವೆಲ್ಷ್ ಭಾಷೆಯಲ್ಲಿ ಒಂಟಿ ಎಫ್ ಅಕ್ಷರಕ್ಕೆ ‘ವ’ ಎಂಬ ಧ್ವನಿ. ಎರಡು ಎಫ್ ಒಟ್ಟಿಗೆ ಬಂದರೆ ಮಾತ್ರ ನಾವು ಕಾಫಿಯಲ್ಲಿ ಉಚ್ಚರಿಸುವ ‘ಫ’.

ಅವರ ಜನ್ಮನಾಮ ರೀಸ್ ಓವೈನ್ ಎವನ್ಸ್. ‘ಎವನ್ಸ್’ ಎಂಬುದು ವೇಲ್ಸ್‌ನಲ್ಲಿ ಎಲ್ಲಿ ಕಲ್ಲೆಸೆದರೂ ಸಿಗುವ ಮನೆತನದ ಹೆಸರು. ಇವಾನ್, ಅಂದರೆ ವೆಲ್ಷ್ ಬಾಯಲ್ಲಿ ‘ಈವನ್’, ಎಂಬಾತನ ಮಕ್ಕಳು ಎಂದು ಅದರ ಅರ್ಥ. ಇಂಗ್ಲಿಷರ ಕಡತಗಳಲ್ಲಿ ಅದು ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಕೊಂಡಿತು. ಇವರು ಅದನ್ನು ಮತ್ತೆ ವೆಲ್ಷ್ ಕಾಗುಣಿತಕ್ಕೆ ತಂದುಕೊಂಡರು. ಆದ್ದರಿಂದ ಇದು ಸಿನಿಮಾಕ್ಕೆಂದು ಇಟ್ಟುಕೊಂಡ ಹೊಸ ಹೆಸರಲ್ಲ, ಹಳೆಯ ಹೆಸರಿನ ಮೇಲಿದ್ದ ಪರದೇಶಿ ಬಣ್ಣವನ್ನು ಕೆರೆದು ತೆಗೆದದ್ದು.

ರೀಸ್ ಎಂಬುದರ ಮೊದಲ ಧ್ವನಿಯೂ ನಮ್ಮ ‘ರ’ ಅಲ್ಲ. ಆರ್ ಮತ್ತು ಎಚ್ ಸೇರಿದ ಆ ಜೋಡಿಯನ್ನು ವೆಲ್ಷ್ ಅಕ್ಷರಮಾಲೆ ಒಂದೇ ಅಕ್ಷರವೆಂದು ಎಣಿಸುತ್ತದೆ. ‘ರ’ ಹೇಳುವಾಗ ಗಂಟಲನ್ನು ನಡುಗಿಸದೆ ಬರೀ ಉಸಿರು ಬಿಟ್ಟರೆ ಹತ್ತಿರ ಹೋಗುತ್ತೀರಿ. ಇನ್ನು ಅವರ ತಮ್ಮನ ಹೆಸರು ಲೀರ್. ಅಲ್ಲಿರುವುದು ಜೋಡಿ ಎಲ್. ‘ಲ’ ಹೇಳಲು ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟು, ಹೇಳದೆ ಸುಮ್ಮನೆ ಊದಬೇಕು. ಕನ್ನಡದಲ್ಲಿ ಲ, ಳ ಎರಡಿದ್ದರೂ ಈ ಮೂರನೆಯದಕ್ಕೆ ಅಕ್ಷರವಿಲ್ಲ. ನಾನು ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದೆ. ಕನ್ನಡಿ ಒದ್ದೆಯಾಯಿತು, ಧ್ವನಿ ಬರಲಿಲ್ಲ.

ಅವರು ಬೆಳೆದದ್ದು ಎಲ್ಲಿ?

ಹುಟ್ಟೂರು ನೈರುತ್ಯ ವೇಲ್ಸ್‌ನ ಪೆಂಬ್ರೋಕ್‌ಶೈರ್ ಪ್ರದೇಶದ ಹೇವರ್‌ಫರ್ಡ್‌ವೆಸ್ಟ್. ಬೆಳೆದದ್ದು ಈಶಾನ್ಯ ಮೂಲೆಯ ರಿಥಿನ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು, ತಾಯಿ ಶಿಶುವಿಹಾರದ ಶಿಕ್ಷಕಿ. ಮನೆಮಾತು ವೆಲ್ಷ್. ಹೈಸ್ಕೂಲು ಮೋಲ್ಡ್ ಊರಿನ ಮೈಸ್ ಗಾರ್ಮನ್ ಶಾಲೆ, ಅದೂ ವೆಲ್ಷ್ ಮಾಧ್ಯಮದ್ದು.

ಮೋಲ್ಡ್‌ನಲ್ಲಿ ಇನ್ನೊಂದು ಅನುಕೂಲವಿತ್ತು. 1976ರಲ್ಲಿ ಅಲ್ಲಿ ‘ಥಿಯೇಟರ್ ಕ್ಲುಯಿಡ್’ ಎಂಬ ದೊಡ್ಡ ರಂಗಮಂದಿರ ಶುರುವಾಗಿತ್ತು. ಅಲ್ಲಿಯ ಮಕ್ಕಳ ನಟನಾ ತರಗತಿಗಳಿಗೆ ರೀಸ್ ಹೋಗುತ್ತಿದ್ದರು. ಮುಂದೆ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ರಂಗಶಿಕ್ಷಣ ಪಡೆದರು. 1982ರಲ್ಲಿ ಆರಂಭವಾದ ಎಸ್‌4ಸಿ ಎಂಬ ವೆಲ್ಷ್ ದೂರದರ್ಶನ ವಾಹಿನಿಯಲ್ಲಿ ಅವರು ಮೊದಮೊದಲು ಕೆಲಸ ಮಾಡಿದರು. ಒಂದು ಚಿಕ್ಕ ಭಾಷೆಗೆ ತನ್ನದೇ ಶಾಲೆ, ತನ್ನದೇ ರಂಗಮಂದಿರ, ತನ್ನದೇ ವಾಹಿನಿ ಇದ್ದರೆ ಒಬ್ಬ ಹುಡುಗ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಇವರ ಬದುಕಿನಲ್ಲಿ ನೋಡಬಹುದು. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ಅಂದರೆ ಶೇ 17.8 ಮಂದಿ. ಇಷ್ಟು ಸಣ್ಣ ಸಮುದಾಯದಿಂದ ಬಂದವರು ಇವರು.

ರಾಕ್ ತಂಡದಲ್ಲಿ ಹಾಡುತ್ತಿದ್ದರು ಎಂಬುದು ನಿಜವೇ?

ನಿಜ. ತಂಡದ ಹೆಸರು ‘ಸೂಪರ್ ಫರಿ ಅನಿಮಲ್ಸ್’. 1993ರಲ್ಲಿ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕಟ್ಟಿದ್ದು. ಅದರ ಆರಂಭದ ದಿನಗಳಲ್ಲಿ ಮುಖ್ಯ ಗಾಯಕ ಈವನ್ಸ್. ತಂಡದ ಮೊದಲ ಧ್ವನಿಮುದ್ರಿಕೆ ಹೊರಬರುವ ಮೊದಲೇ ನಟನೆಯ ಕಡೆಗೆ ಹೊರಟುಹೋದರು. ಅವರ ಜಾಗದಲ್ಲಿ ಹಾಡಲು ನಿಂತವರು ಗ್ರಿಫ್ ರೀಸ್. ವಿಚಿತ್ರವೆಂದರೆ ಅವರೂ ಹೇವರ್‌ಫರ್ಡ್‌ವೆಸ್ಟ್‌ನಲ್ಲೇ ಹುಟ್ಟಿದವರು.

ತಂಡ ಮುಂದೆ ಬಹಳ ದೊಡ್ಡದಾಯಿತು. ಓಯಸಿಸ್ ಎಂಬ ಪ್ರಸಿದ್ಧ ಬ್ರಿಟಿಷ್ ರಾಕ್ ತಂಡದ ಹಾಡುಗಳನ್ನು ತರುತ್ತಿದ್ದ ಕ್ರಿಯೇಶನ್ ಕಂಪನಿಯೇ ಇವರ ಜೊತೆಗೂ ಕರಾರು ಮಾಡಿಕೊಂಡಿತು. 2000ದಲ್ಲಿ ಪೂರ್ತಿ ವೆಲ್ಷ್ ಭಾಷೆಯಲ್ಲೇ ಒಂದು ಆಲ್ಬಂ ತಂದಾಗ ಅದು ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಏರಿತು. ವೆಲ್ಷ್ ಆಲ್ಬಂ ಒಂದು ಅಷ್ಟು ಮೇಲೆ ಹೋದದ್ದು ಅದೇ ಮೊದಲು. ಆ ಹೊತ್ತಿಗೆ ಹಳೆಯ ಗಾಯಕ ಹಾಲಿವುಡ್ಡಿನಲ್ಲಿದ್ದರು.

‘ಛೆ, ಕಳೆದುಕೊಂಡರಲ್ಲ’ ಎಂದು ನನ್ನ ಗೆಳೆಯನೊಬ್ಬ ಮರುಗಿದ. ನನಗೆ ಹಾಗೆ ಅನ್ನಿಸುವುದಿಲ್ಲ. ವೇದಿಕೆಯ ಮುಂದೆ ಒಬ್ಬನೇ ನಿಂತು ಸಾವಿರ ಜನರನ್ನು ಹಿಡಿದಿಡುವುದನ್ನು ಅಲ್ಲಿ ಕಲಿತವರ ದೇಹಕ್ಕೆ ಒಂದು ಲಯ ಇರುತ್ತದೆ. ಅವರ ನಡಿಗೆ ಗಮನಿಸಿ: ಮೊಣಕಾಲು ಒಂದು ತಾಳಕ್ಕೆ, ಭುಜ ಇನ್ನೊಂದು ತಾಳಕ್ಕೆ.

ಹಾಗಾದರೆ ಸಂಗೀತವನ್ನು ಪೂರ್ತಿ ಬಿಟ್ಟುಬಿಟ್ಟರೇ?

ಅಷ್ಟು ಸುಲಭವಾಗಿ ಬಿಡುವ ಚಟವೇ ಅದು? ಹಳೆಯ ತಂಡದ ಡ್ರಮ್ಮರ್ ದಾವಿದ್ ಇಯೆಯನ್ ಜೊತೆ ಸೇರಿ ‘ದಿ ಪೆತ್’ ಎಂಬ ತಂಡದಲ್ಲಿ ಹಾಡಿದರು. ‘ಪೆತ್’ ಅಂದರೆ ವೆಲ್ಷ್‌ನಲ್ಲಿ ‘ವಸ್ತು’, ‘ಏನೋ ಒಂದು’. 2008ರಲ್ಲಿ ಆ ತಂಡದ ಆಲ್ಬಂ ಬಂತು.

ಅದಕ್ಕೂ ಮೊದಲು, 2005ರಲ್ಲಿ, ಓಯಸಿಸ್ ತಂಡದ ಹಾಡೊಂದರ ಕಪ್ಪು ಬಿಳುಪು ವಿಡಿಯೋದಲ್ಲಿ ಕಾಣಿಸಿಕೊಂಡರು. ಉದ್ದ ಕೋಟು ತೊಟ್ಟ ಶವಸಂಸ್ಕಾರದವನಾಗಿ, ಗಾಯಕನ ದನಿಗೆ ತುಟಿ ಹೊಂದಿಸಿಕೊಂಡು, ಹಳೆಯ ಇಂಗ್ಲಿಷ್ ಬೀದಿಯಲ್ಲಿ ಕಾಲು ಎತ್ತೆತ್ತಿ ಕುಣಿಯುತ್ತಾರೆ. ನಾಲ್ಕು ನಿಮಿಷದ ಕೆಲಸ. ಹುಡುಕಿ ನೋಡಿ.

ಸಿನಿಮಾದಲ್ಲಿ ಮೊದಲು ಗಮನ ಸೆಳೆದದ್ದು ಯಾವುದರಿಂದ?

1997ರ ‘ಟ್ವಿನ್ ಟೌನ್’. ಕೆವಿನ್ ಆಲನ್ ನಿರ್ದೇಶನ, ಸ್ವಾನ್ಸೀ ಊರಿನ ಕಥೆ. ಕಾರು ಕದ್ದು, ಮಾದಕ ವಸ್ತು ಸೇದಿ, ಊರಿಡೀ ತಲೆನೋವಾಗಿರುವ ಇಬ್ಬರು ಅಣ್ಣತಮ್ಮಂದಿರು. ಊರವರು ಅವರನ್ನು ಅವಳಿಗಳೆಂದು ಕರೆಯುತ್ತಾರೆ, ಅವರು ಅವಳಿಗಳಲ್ಲ. ಆ ಅಣ್ಣತಮ್ಮಂದಿರಾಗಿ ನಟಿಸಿದ್ದು ನಿಜವಾದ ಅಣ್ಣತಮ್ಮಂದಿರೇ: ರೀಸ್ ಮತ್ತು ಲೀರ್. ಚಾವಣಿ ಕೆಲಸಕ್ಕೆ ಹೋದ ಅಪ್ಪ ಏಣಿಯಿಂದ ಬಿದ್ದು ಗಾಯಗೊಳ್ಳುತ್ತಾನೆ, ಕೆಲಸ ಕೊಟ್ಟ ಊರಿನ ದೊಡ್ಡ ಕುಳ ಪರಿಹಾರ ಕೊಡುವುದಿಲ್ಲ. ಅಲ್ಲಿಂದ ಸೇಡಿನ ಮೇಲೆ ಸೇಡು.

ಚಿತ್ರ ಅಸಹ್ಯವೂ ಹೌದು, ನಗೆಯೂ ಹೌದು. ಬೈಗುಳ ಕೇಳಲಾರದವರು ದೂರವಿರಿ. ಆದರೆ ಕೊನೆಯಲ್ಲಿ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಗಂಡಸರ ಗಾಯನವೃಂದ ಸಾಲಾಗಿ ನಿಂತು ವೆಲ್ಷ್ ಹಾಡು ಹಾಡುವಾಗ, ಅಲ್ಲಿಯವರೆಗೆ ನಕ್ಕವರ ಗಂಟಲು ಕಟ್ಟುತ್ತದೆ.

‘ನಾಟಿಂಗ್ ಹಿಲ್’ನ ಸ್ಪೈಕ್ ಅಷ್ಟೊಂದು ಪ್ರಸಿದ್ಧನಾದದ್ದು ಏಕೆ?

1999ರ ಈ ಚಿತ್ರದಲ್ಲಿ ಹ್ಯೂ ಗ್ರಾಂಟ್ ನಾಯಕ, ಜೂಲಿಯಾ ರಾಬರ್ಟ್ಸ್ ನಾಯಕಿ. ಪುಸ್ತಕದಂಗಡಿಯವನಿಗೂ ಹಾಲಿವುಡ್ ತಾರೆಗೂ ಪ್ರೇಮ. ಸ್ಪೈಕ್ ನಾಯಕನ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿರುವ ವೇಲ್ಸ್‌ನವ. ಕಥೆಗೆ ಅವನು ಬೇಕೇ ಬೇಕು ಎಂದೇನಿಲ್ಲ. ಆದರೆ ಇಪ್ಪತ್ತೈದು ವರ್ಷದ ಮೇಲೂ ಜನ ನೆನಪಿಟ್ಟುಕೊಂಡಿರುವುದು ಅವನನ್ನೇ.

ಒಂದು ದೃಶ್ಯ: ಒಗೆದ ಬಟ್ಟೆ ಒಂದೂ ಇಲ್ಲವೆಂದು ಸ್ಪೈಕ್ ನೀರಿನಲ್ಲಿ ಮುಳುಗುವವರ ರಬ್ಬರ್ ಉಡುಪು, ಕನ್ನಡಕ ತೊಟ್ಟು ಮಾಳಿಗೆಯ ಮೇಲೆ ಕುಳಿತಿರುತ್ತಾನೆ. ಮುಖದಲ್ಲಿ ತಮಾಷೆಯ ಲವಲೇಶವಿಲ್ಲ. ಇನ್ನೊಂದು: ಡಬ್ಬಿಯಿಂದ ಏನನ್ನೋ ತಿನ್ನುತ್ತಾ, ಈ ಮೊಸರಿಗೆ ಏನೋ ಆಗಿದೆ ಎನ್ನುತ್ತಾನೆ. ಅದು ಮೊಸರಲ್ಲ, ಮೇಯೊನೀಸ್ ಎಂದು ಗೆಳೆಯ ಹೇಳುತ್ತಾನೆ. ಹೌದಾ ಎಂದು, ಮತ್ತೊಂದು ಚಮಚ ಬಾಯಿಗಿಟ್ಟುಕೊಳ್ಳುತ್ತಾನೆ. ಸಾಧಾರಣ ನಟನಾದರೆ ಅಲ್ಲಿ ಮುಖ ಕಿವಿಚಿ ನಗಿಸಲು ನೋಡುತ್ತಿದ್ದ. ಈವನ್ಸ್ ತಿನ್ನುವುದನ್ನು ಮುಂದುವರಿಸುತ್ತಾರೆ.

ಇನ್ನು ಆ ಬಾಗಿಲು. ಹೊರಗೆ ಪತ್ರಿಕಾ ಛಾಯಾಗ್ರಾಹಕರ ದಂಡು. ಬೂದು ಬಣ್ಣದ ಚಡ್ಡಿಯಲ್ಲಿ ಬಾಗಿಲು ತೆರೆದ ಸ್ಪೈಕ್ ಓಡಿ ಒಳಗೆ ಹೋಗುವುದಿಲ್ಲ. ಮೈ ಬಿಗಿಹಿಡಿದು, ತಿರುಗಿ, ಬಗೆಬಗೆಯ ಭಂಗಿ ಕೊಡುತ್ತಾನೆ. ಒಳಗೆ ಬಂದು ಕನ್ನಡಿ ನೋಡಿಕೊಂಡು, ಪರವಾಗಿಲ್ಲವೇ ಎಂದುಕೊಳ್ಳುತ್ತಾನೆ. ನಾಚಿಕೆ ಎಂಬುದೇ ತಟ್ಟದ ಮನುಷ್ಯ ಅವನು, ಹಾಗೆಂದು ಕೆಟ್ಟವನಲ್ಲ. ಕೊನೆಯ ಓಟದಲ್ಲಿ ಗೆಳೆಯನ ಕಾರು ಮುಂದೆ ಹೋಗಲೆಂದು ರಸ್ತೆಗಿಳಿದು ವಾಹನಗಳನ್ನು ತಡೆದು ನಿಲ್ಲಿಸುವವನೂ ಅವನೇ. ಈ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪೋಷಕ ನಟ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಪ್ರಶಸ್ತಿ ಜೂಡ್ ಲಾ ಪಾಲಾಯಿತು.

ಆಮೇಲೆ ಸ್ಪೈಕ್‌ನಂಥ ಪಾತ್ರಗಳೇ ಸಿಕ್ಕವೇ?

ಒಂದೆರಡು ವರ್ಷ ಹಾಗೆಯೇ ಆಯಿತು. 2000ದಲ್ಲಿ ‘ದಿ ರಿಪ್ಲೇಸ್‌ಮೆಂಟ್ಸ್’ ಚಿತ್ರದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರುವ ವೆಲ್ಷ್ ಆಟಗಾರ, ‘ಲಿಟಲ್ ನಿಕಿ’ಯಲ್ಲಿ ಸೈತಾನನ ಮಗ, ‘ಕೆವಿನ್ ಆ್ಯಂಡ್ ಪೆರಿ ಗೋ ಲಾರ್ಜ್’ನಲ್ಲಿ ಇಬಿಜಾ ದ್ವೀಪದ ಅಸಡ್ಡಾಳ ಡಿಜೆ. ಹಾಲಿವುಡ್ಡಿಗೆ ಒಬ್ಬ ಕೊಳಕು, ಮೋಜಿನ ಬ್ರಿಟಿಷ್‌ನವ ಬೇಕಾದಾಗಲೆಲ್ಲ ಇವರಿಗೆ ಫೋನು ಹೋಗುತ್ತಿತ್ತೇನೋ ಎನ್ನಿಸುವಷ್ಟು.

ಆ ಅಚ್ಚನ್ನು ಒಡೆದದ್ದು 2004ರ ‘ಎಂಡ್ಯೂರಿಂಗ್ ಲವ್’. ನಿರ್ದೇಶಕ ರೋಜರ್ ಮಿಚೆಲ್, ಅಂದರೆ ‘ನಾಟಿಂಗ್ ಹಿಲ್’ ಮಾಡಿದವರೇ. ಸ್ಪೈಕ್‌ನನ್ನು ಹತ್ತಿರದಿಂದ ಕಂಡವರಿಗೇ ಅವನ ನಿರ್ಲಜ್ಜ ನೋಟದ ಹಿಂದೆ ಭಯ ಹುಟ್ಟಿಸುವ ಸಾಧ್ಯತೆಯೂ ಇದೆ ಎಂದು ಹೊಳೆದಿರಬೇಕು. ಬಿಸಿಗಾಳಿ ಬಲೂನಿನ ಅಪಘಾತವೊಂದರಲ್ಲಿ ನೆರವಿಗೆ ಓಡಿಬಂದ ಅಪರಿಚಿತನೊಬ್ಬ, ಅಲ್ಲಿಯೇ ಇದ್ದ ಪ್ರಾಧ್ಯಾಪಕನ (ಡೇನಿಯಲ್ ಕ್ರೇಗ್) ಬೆನ್ನು ಹತ್ತುತ್ತಾನೆ. ಪಾರ್ಕಿನಲ್ಲಿ, ಪುಸ್ತಕದಂಗಡಿಯಲ್ಲಿ, ಎಲ್ಲಿ ನೋಡಿದರೂ ಅವನು. ಮೊದಮೊದಲು ಕೈ ಎತ್ತುವುದಿಲ್ಲ, ಬೈಯುವುದಿಲ್ಲ. ಪ್ರೀತಿ ಎನ್ನುತ್ತಾನೆ, ಮುಗುಳ್ನಗುತ್ತಾನೆ. ಸ್ಪೈಕ್‌ನದ್ದೇ ಕಣ್ಣು, ಸ್ಪೈಕ್‌ನದ್ದೇ ಜೋಲು ಭುಜ, ನೋಡುವವರಿಗೆ ಮಾತ್ರ ನಡುಕ.

(ಬಲೂನಿಗೂ ಇವರಿಗೂ ಏನೋ ನಂಟು. ಅದರ ಹಿಂದಿನ ವರ್ಷ ಬಂದ ಆಸ್ಟ್ರೇಲಿಯಾದ ‘ಡ್ಯಾನಿ ಡೆಕ್‌ಚೇರ್’ನಲ್ಲಿ ಕುರ್ಚಿಗೆ ಬಲೂನು ಕಟ್ಟಿಕೊಂಡು ಹಾರಿಹೋಗುವವರೂ ಇವರೇ.)

ದೊಡ್ಡ ಪ್ರಶಸ್ತಿ ಬಂದಿದೆಯೇ?

2005ರಲ್ಲಿ ಬಾಫ್ಟಾ ದೂರದರ್ಶನ ಪ್ರಶಸ್ತಿ, ಅತ್ಯುತ್ತಮ ನಟ. ಚಾನೆಲ್ 4 ವಾಹಿನಿಗಾಗಿ ಮಾಡಿದ ‘ನಾಟ್ ಓನ್ಲಿ ಬಟ್ ಆಲ್ವೇಸ್’ ಚಿತ್ರದಲ್ಲಿ ಹಾಸ್ಯನಟ ಪೀಟರ್ ಕುಕ್ ಪಾತ್ರಕ್ಕೆ. ಕುಕ್ ಮತ್ತು ಡಡ್ಲಿ ಮೂರ್ 1960ರ ದಶಕದ ಬ್ರಿಟನ್ನನ್ನು ಬಿದ್ದು ಬಿದ್ದು ನಗುವಂತೆ ಮಾಡಿದ ಜೋಡಿ. ಮೂರ್ ಹಾಲಿವುಡ್ಡಿನಲ್ಲಿ ತಾರೆಯಾದ, ಕುಕ್ ಕುಡಿತಕ್ಕೆ ಬಿದ್ದ, 1995ರಲ್ಲಿ ತೀರಿಹೋದ. ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸುವುದು ಇಲ್ಲಿ ಸುಲಭವಿತ್ತು. ಈವನ್ಸ್ ಹಿಡಿದದ್ದು ಕುಕ್‌ನ ಅಸೂಯೆಯನ್ನು, ಗೆಳೆಯನನ್ನು ಬಿಡಲಾರದೆ ಚುಚ್ಚುತ್ತಲೇ ಇರುವ ಗುಣವನ್ನು. ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೆಲಸ ಇದೇ, ಮತ್ತು ನಮ್ಮಲ್ಲಿ ಅತಿ ಕಡಿಮೆ ಜನ ನೋಡಿರುವುದೂ ಇದನ್ನೇ.

ಭಾರತೀಯರ ಜೊತೆ ಕೆಲಸ ಮಾಡಿದ್ದಾರೆಯೇ?

ಮೀರಾ ನಾಯರ್ ನಿರ್ದೇಶಿಸಿದ 2004ರ ‘ವ್ಯಾನಿಟಿ ಫೇರ್’ನಲ್ಲಿ ವಿಲಿಯಂ ಡಾಬಿನ್ ಇವರೇ. ಒಬ್ಬಳನ್ನೇ ವರ್ಷಗಟ್ಟಲೆ ಬಾಯಿಬಿಡದೆ ಪ್ರೀತಿಸುವ ನಿಷ್ಠಾವಂತ ಸೈನಿಕ. ಅದೇ ವರ್ಷ ‘ಎಂಡ್ಯೂರಿಂಗ್ ಲವ್’ ಕೂಡ ಬಂದದ್ದರಿಂದ, ಪ್ರೀತಿಯ ಎರಡು ತುದಿಗಳನ್ನೂ ಒಂದೇ ವರ್ಷದಲ್ಲಿ ಮುಟ್ಟಿದಂತಾಯಿತು.

2012ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ನಲ್ಲಿ ಇವರು ಒಂದು ಕೈ ಇಲ್ಲದ ವಿಜ್ಞಾನಿ ಕರ್ಟ್ ಕಾನರ್ಸ್. ಕಳೆದ ಕೈಯನ್ನು ಮತ್ತೆ ಬೆಳೆಸಿಕೊಳ್ಳಲು ಹೋಗಿ ದೈತ್ಯ ಹಲ್ಲಿಯಾಗುತ್ತಾನೆ. ಬೇಗ ಪ್ರಯೋಗ ಮಾಡು ಎಂದು ಅವನ ಮೇಲೆ ಒತ್ತಡ ಹಾಕುವ ಕಂಪನಿ ಅಧಿಕಾರಿಯಾಗಿ ನಮ್ಮ ಇರ್ಫಾನ್ ಖಾನ್ ಇದ್ದಾರೆ. ಇಬ್ಬರೂ ಕಣ್ಣಿನಲ್ಲೇ ಅರ್ಧ ಮಾತು ಮುಗಿಸುವವರು. ಚಿತ್ರಕಥೆ ಅವರಿಬ್ಬರಿಗೆ ಇನ್ನೂ ನಾಲ್ಕು ದೃಶ್ಯ ಕೊಡಬೇಕಿತ್ತು. ಹಲ್ಲಿಯನ್ನು ಕಟ್ಟಡದಿಂದ ಕಟ್ಟಡಕ್ಕೆ ಹಾರಿಸುವ ಅವಸರದಲ್ಲಿ ಆ ಅವಕಾಶ ಹೋಯಿತು. 2021ರ ‘ನೋ ವೇ ಹೋಮ್’ನಲ್ಲಿ ಹಲ್ಲಿ ಮರಳಿ ಬಂದಾಗ ದನಿ ಇವರದೇ.

ಹ್ಯಾರಿ ಪಾಟರ್‌ನಲ್ಲಿ ಯಾರು?

ಹ್ಯಾರಿಯ ಗೆಳತಿ ಲೂನಾಳ ತಂದೆ ಝೆನೋಫಿಲಿಯಸ್ ಲವ್‌ಗುಡ್. 2010ರಲ್ಲಿ ಬಂದ ಏಳನೆಯ ಚಿತ್ರ. ಮಗಳು ಶತ್ರುಗಳ ವಶದಲ್ಲಿರುವ ಅಪ್ಪ ಅತಿಥಿಗಳಿಗೆ ಚಹಾ ಕೊಡುವಾಗ ನಡುಗುವ ಕೈ ನೋಡಿ. ಅಷ್ಟೇ ಸಾಕು.

‘ಮಿಸ್ಟರ್ ನೈಸ್’ ಚಿತ್ರಕ್ಕೂ ಹಳೆಯ ರಾಕ್ ತಂಡಕ್ಕೂ ಏನೋ ಸಂಬಂಧವಿದೆಯಂತೆ?

ಇದೆ, ಚೆನ್ನಾಗಿಯೇ ಇದೆ. ಹವರ್ಡ್ ಮಾರ್ಕ್ಸ್ ವೇಲ್ಸ್‌ನ ಕೆನ್‌ಫಿಗ್ ಹಿಲ್ ಎಂಬ ಹಳ್ಳಿಯವ, ವೆಲ್ಷ್ ಬಲ್ಲವ, ಆಕ್ಸ್‌ಫರ್ಡ್‌ನಲ್ಲಿ ಭೌತಶಾಸ್ತ್ರ ಓದಿದ ಜಾಣ. ಆ ಜಾಣತನವನ್ನೆಲ್ಲ ಹಶೀಶ್ ಎಂಬ ಮಾದಕ ವಸ್ತುವಿನ ಸಾಗಣೆಗೆ ಸುರಿದ. ಹತ್ತಾರು ಸುಳ್ಳು ಹೆಸರುಗಳಲ್ಲಿ ಓಡಾಡಿದ. ‘ನೈಸ್’ ಅವುಗಳಲ್ಲಿ ಒಂದು. ಸ್ಪೇನ್‌ನಲ್ಲಿ ಸಿಕ್ಕಿಬಿದ್ದು, ಅಮೆರಿಕದಲ್ಲಿ 25 ವರ್ಷದ ಶಿಕ್ಷೆಯಾಗಿ, ಏಳು ವರ್ಷ ಒಳಗಿದ್ದು 1995ರಲ್ಲಿ ಹೊರಬಂದ. ಮರುವರ್ಷ ಸೂಪರ್ ಫರಿ ಅನಿಮಲ್ಸ್ ತಂಡದ ಮೊದಲ ಆಲ್ಬಂ ಬಂದಾಗ ಅದರ ಹೊದಿಕೆಯ ಮೇಲೆ ಇದ್ದದ್ದು ಬಗೆಬಗೆಯ ವೇಷದ ಮಾರ್ಕ್ಸ್ ಚಿತ್ರಗಳು.

2010ರಲ್ಲಿ ಬರ್ನಾರ್ಡ್ ರೋಸ್ ಅವನ ಕಥೆಯನ್ನು ಸಿನಿಮಾ ಮಾಡಿದಾಗ ಮಾರ್ಕ್ಸ್ ಆದವರು ಆ ತಂಡದ ಮೊದಲ ಗಾಯಕ. ಚಿತ್ರ ಅಪರಾಧಿಯನ್ನು ತುಸು ಹೆಚ್ಚೇ ಮುದ್ದು ಮಾಡುತ್ತದೆ ಎಂಬ ದೂರು ನನ್ನದು. ಆದರೆ ನಗುನಗುತ್ತಾ ಸುಳ್ಳು ಹೇಳುವವನ ಆಕರ್ಷಣೆ ಹೇಗಿರುತ್ತದೆ ಎಂಬುದು ಈವನ್ಸ್ ಮುಖದಲ್ಲಿ ಸ್ಪಷ್ಟವಾಗಿದೆ.

ರಂಗಭೂಮಿಯಲ್ಲಿ?

ಸಿನಿಮಾ ಮಾತ್ರ ನೋಡುವ ನಮಗೆ ಇವರ ಅರ್ಧ ಕೆಲಸ ಕಾಣುವುದೇ ಇಲ್ಲ. 2013ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಟಿಮ್ ಪ್ರೈಸ್ ಬರೆದ ‘ಪ್ರೊಟೆಸ್ಟ್ ಸಾಂಗ್’ ಎಂಬ ಏಕವ್ಯಕ್ತಿ ನಾಟಕ. ಸೇಂಟ್ ಪಾಲ್ಸ್ ಚರ್ಚಿನ ಮೆಟ್ಟಿಲ ಬಳಿ ಮಲಗುವ ಮನೆಯಿಲ್ಲದವನ ಸುತ್ತ ಒಂದು ದಿನ ಇದ್ದಕ್ಕಿದ್ದಂತೆ, ಆರ್ಥಿಕ ಅಸಮಾನತೆಯ ವಿರುದ್ಧ ನಡೆದ ‘ಆಕ್ಯುಪೈ’ ಚಳವಳಿಗಾರರ ಗುಡಾರಗಳು ಏಳುತ್ತವೆ. ಅವನ ಮನೆಗೆ ಕ್ರಾಂತಿ ನೆಂಟನಾಗಿ ಬಂದಂತೆ. 2016ರಲ್ಲಿ ಓಲ್ಡ್ ವಿಕ್ ರಂಗಮಂದಿರದ ‘ಕಿಂಗ್ ಲಿಯರ್’ನಲ್ಲಿ ವಿದೂಷಕ. ಲಿಯರ್ ಆಗಿದ್ದವರು ನಟಿ ಗ್ಲೆಂಡಾ ಜಾಕ್ಸನ್. ಸಂಸತ್ತಿಗೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ರಂಗದಿಂದ ದೂರವಿದ್ದ ಅವರು ಎಂಬತ್ತರ ಹೊಸ್ತಿಲಲ್ಲಿ ಮರಳಿ ಬಂದ ನಾಟಕವದು. ಮರುವರ್ಷ ಅದೇ ರಂಗದಲ್ಲಿ ಡಿಕನ್ಸ್ ಕಥೆಯ ಜಿಪುಣ ಸ್ಕ್ರೂಜ್. 2018ರಲ್ಲಿ ನಾಟಕಕಾರ ಅಯನೆಸ್ಕೊ ಬರೆದ ನಾಟಕದ ಸಾಯಲೊಲ್ಲದ ರಾಜ.

ನನಗೆ ಹೆಚ್ಚು ಮುಖ್ಯವೆನಿಸುವುದು 2019ರ ‘ಆನ್ ಬೇರ್ ರಿಡ್ಜ್’. ಬರೆದವರು ಎಡ್ ಥಾಮಸ್. ಮೊದಲು ಕಾರ್ಡಿಫ್‌ನಲ್ಲಿ, ಆಮೇಲೆ ಲಂಡನ್ನಿನ ರಾಯಲ್ ಕೋರ್ಟ್‌ನಲ್ಲಿ. ಬೆಟ್ಟದ ಮೇಲೊಂದು ಮಾಂಸದ ಅಂಗಡಿ. ಊರು ಖಾಲಿ. ಕೊಳ್ಳುವವರಿಲ್ಲ. ಗಂಡಹೆಂಡತಿ ಹಳೆಯ ನೆನಪುಗಳನ್ನು, ಅವರ ಹಳೆಯ ಭಾಷೆಯ ಚೂರುಗಳನ್ನು ಹಿಡಿದುಕೊಂಡು ಕುಳಿತಿದ್ದಾರೆ. ಆ ಭಾಷೆಯನ್ನು ಆಡುವವರು ಒಬ್ಬೊಬ್ಬರಾಗಿ ಇಲ್ಲವಾಗಿದ್ದಾರೆ. ವೆಲ್ಷ್ ಮಾಧ್ಯಮದಲ್ಲಿ ಓದಿದ ಮೇಷ್ಟ್ರ ಮಗ ಆ ಅಂಗಡಿಯವನಾಗಿ ನಿಂತದ್ದು ಬರೀ ನಟನೆಯಾಗಿ ಉಳಿಯುವುದು ಸಾಧ್ಯವೇ?

ವೆಲ್ಷ್ ಭಾಷೆಯ ಸಿನಿಮಾ ಮಾಡಿದ್ದಾರೆಯೇ?

‘ಅಂಡರ್ ಮಿಲ್ಕ್ ವುಡ್’ 2015ರಲ್ಲಿ ಬಂತು. ಡೈಲನ್ ಥಾಮಸ್ ಬರೆದ ಪ್ರಸಿದ್ಧ ರೇಡಿಯೋ ನಾಟಕದ ರೂಪಾಂತರ, ನಿರ್ದೇಶಕ ಮತ್ತೆ ‘ಟ್ವಿನ್ ಟೌನ್’ನ ಕೆವಿನ್ ಆಲನ್. ಚಿತ್ರೀಕರಣ ಪೆಂಬ್ರೋಕ್‌ಶೈರ್ ಕರಾವಳಿಯ ಸಾಲ್ವಾ ಎಂಬ ಹಳ್ಳಿಯಲ್ಲಿ, ಇಂಗ್ಲಿಷ್ ಮತ್ತು ವೆಲ್ಷ್ ಎರಡರಲ್ಲೂ ಒಟ್ಟೊಟ್ಟಿಗೆ. ವೆಲ್ಷ್ ಆವೃತ್ತಿಯನ್ನು ಬ್ರಿಟನ್ ಆಸ್ಕರ್ ಸ್ಪರ್ಧೆಗೆ ಕಳಿಸಿತು, ‘ವಿದೇಶಿ ಭಾಷೆಯ ಚಿತ್ರ’ ಎಂಬ ವಿಭಾಗಕ್ಕೆ! ಬ್ರಿಟನ್ನಿನಲ್ಲಿ ಇಂಗ್ಲಿಷಿಗಿಂತ ಹಳೆಯದಾದ ಭಾಷೆ ಬ್ರಿಟನ್ನಿನ ಪರವಾಗಿಯೇ ವಿದೇಶಿಯಾಗಿ ಹೋಗಬೇಕಾಯಿತು.

ರಾಸ್‌ಪುಟಿನ್ ಪಾತ್ರ ಅತಿಯಾಯಿತು ಎನ್ನುತ್ತಾರಲ್ಲ?

ಅತಿಯಾಗಿಯೇ ಇದೆ, ಅದಕ್ಕೇ ಚೆನ್ನಾಗಿದೆ. 2021ರ ‘ದಿ ಕಿಂಗ್ಸ್ ಮ್ಯಾನ್’ನಲ್ಲಿ ರಷ್ಯಾದ ಗಡ್ಡಧಾರಿ ಸನ್ಯಾಸಿ ರಾಸ್‌ಪುಟಿನ್ ವಿಷ ಹಾಕಿದ ಸಿಹಿತಿಂಡಿಯನ್ನು ತಿಂದು ಅರಗಿಸಿಕೊಳ್ಳುತ್ತಾನೆ, ಎದುರಾಳಿಯ ಗಾಯಗೊಂಡ ಕಾಲನ್ನು ನೆಕ್ಕಿ ವಾಸಿಮಾಡುತ್ತಾನೆ, ಆಮೇಲೆ ರಷ್ಯನ್ ಕುಣಿತದ ಹೆಜ್ಜೆಗಳಲ್ಲೇ ಕತ್ತಿವರಸೆಗೆ ಇಳಿಯುತ್ತಾನೆ. ಅವನು ಸತ್ತ ಮೇಲೆ ಚಿತ್ರದ ಜೀವವೂ ಅರ್ಧ ಹೋಗುತ್ತದೆ.

ಆಟೊ ಹೈಟವರ್ ಪಾತ್ರದ ವಿಶೇಷವೇನು?

2022ರಲ್ಲಿ ಶುರುವಾದ ‘ಹೌಸ್ ಆಫ್ ದಿ ಡ್ರ್ಯಾಗನ್’ನಲ್ಲಿ ಆಟೊ ರಾಜನ ‘ಹಸ್ತ’, ಅಂದರೆ ಪ್ರಧಾನಮಂತ್ರಿ. ಡ್ರ್ಯಾಗನ್ ಇಲ್ಲ, ಕತ್ತಿ ಎತ್ತುವುದು ಅಪರೂಪ. ಆಯುಧವೆಂದರೆ ಮೆಲುದನಿ ಒಂದೇ.

ಮೊದಲ ಕಂತಿನಲ್ಲಿ ರಾಣಿ ಹೆರಿಗೆಯಲ್ಲಿ ಸತ್ತಿದ್ದಾಳೆ. ಆಟೊ ತನ್ನ ಹದಿಹರೆಯದ ಮಗಳನ್ನು ಕರೆದು, ರಾಜ ದುಃಖದಲ್ಲಿದ್ದಾನೆ, ಹೋಗಿ ಸಮಾಧಾನ ಹೇಳು ಎನ್ನುತ್ತಾನೆ. ಅವಳು ಹೊರಡುವಾಗ, ನಿನ್ನ ತಾಯಿಯ ಉಡುಪೊಂದನ್ನು ತೊಟ್ಟು ಹೋಗಬಹುದು ಎಂದು ಸೇರಿಸುತ್ತಾನೆ. ಒಂದು ಪದವೂ ಅಶ್ಲೀಲವಲ್ಲ, ಒಂದು ಆಜ್ಞೆಯೂ ಇಲ್ಲ. ಮಗಳಿಗೂ ಅರ್ಥವಾಗುತ್ತದೆ, ನಮಗೂ ಅರ್ಥವಾಗುತ್ತದೆ, ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ. ಈವನ್ಸ್ ಆ ಮಾತನ್ನು ಹವಾಮಾನದ ವಿಷಯ ಹೇಳುವಷ್ಟು ಸಹಜವಾಗಿ ಹೇಳುತ್ತಾರೆ.

ಆ ಋತುವಿನ ಕೊನೆಯ ಕಂತಿನಲ್ಲಿ ಸೇತುವೆಯ ಮೇಲೆ ರಾಜಕುಮಾರಿ ಅವನ ಎದೆಯ ಮೇಲಿನ ಹಸ್ತದ ಮುದ್ರೆಯನ್ನು ಕಿತ್ತು ಎಸೆಯುತ್ತಾಳೆ. ಕೋಪ ತೋರಿಸುವುದಿಲ್ಲ ಅವನು. ಬದಲಿಗೆ ಒಂದು ಹಳೆಯ ಕಾಗದವನ್ನು ಮುಂದೆ ಚಾಚುತ್ತಾನೆ: ಅವಳು ಬಾಲ್ಯದಲ್ಲಿ ಗೆಳತಿಗಾಗಿ, ಅಂದರೆ ಆಟೊನ ಮಗಳಿಗಾಗಿ, ಪುಸ್ತಕದಿಂದ ಹರಿದುಕೊಟ್ಟಿದ್ದ ಪುಟ. ಮೆತ್ತಗಿನ ಜಾಗ ಎಲ್ಲಿದೆ ಎಂದು ಗೊತ್ತಿದ್ದು ಒತ್ತುವುದು ಎಂದರೆ ಇದು. 2024ರ ಎರಡನೆಯ ಋತುವಿನಲ್ಲಿ ಮೊಮ್ಮಗ ರಾಜನೇ ಅವನನ್ನು ಹುದ್ದೆಯಿಂದ ಕಿತ್ತುಹಾಕುತ್ತಾನೆ. ಆಮೇಲೆ ಬಹಳ ಕಂತು ಅವನು ಕಾಣುವುದಿಲ್ಲ. ಆ ಕಂತುಗಳು ಸಪ್ಪೆಯಾದದ್ದಕ್ಕೆ ಅದೂ ಒಂದು ಕಾರಣ ಎನ್ನುವವನು ನಾನು.

ಮ್ಯಾಥ್ಯೂ ರೀಸ್ ಇವರ ಸಂಬಂಧಿಯೇ? ಜಾನ್ ರೀಸ್-ಡೇವಿಸ್?

ಇಬ್ಬರೂ ಅಲ್ಲ. ರೀಸ್ ಎಂಬುದು ವೇಲ್ಸ್‌ನಲ್ಲಿ ಮಂಜುನಾಥನಷ್ಟೇ ಸಾಮಾನ್ಯ ಹೆಸರು. ‘ದಿ ಅಮೆರಿಕನ್ಸ್’ ಧಾರಾವಾಹಿಗೆ 2018ರಲ್ಲಿ ಎಮ್ಮಿ ದೂರದರ್ಶನ ಪ್ರಶಸ್ತಿ ಗೆದ್ದ ಮ್ಯಾಥ್ಯೂ ರೀಸ್ ಕಾರ್ಡಿಫ್‌ನವರು. ಅವರ ಜನ್ಮನಾಮವೂ ಎವನ್ಸ್ ಎಂದೇ ಮುಗಿಯುತ್ತದೆ. ಒಬ್ಬರು ಎವನ್ಸ್ ಬಿಟ್ಟರು, ಇನ್ನೊಬ್ಬರು ಎವನ್ಸ್ ತಿದ್ದಿದರು. ಜಾನ್ ರೀಸ್-ಡೇವಿಸ್ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಗಿಮ್ಲಿ.

ಅವರ ಪ್ರೇಮ, ಮದುವೆ ಇತ್ಯಾದಿ?

ಅದಕ್ಕೆ ಬೇರೆ ಪತ್ರಿಕೆಗಳಿವೆ.

ಎಲ್ಲಿಂದ ನೋಡಲು ಶುರು ಮಾಡಲಿ?

ಮನೆಮಂದಿಯೆಲ್ಲ ಕೂತಿದ್ದರೆ ‘ನಾಟಿಂಗ್ ಹಿಲ್’, ಮುಜುಗರದ ಒಂದೆರಡು ಮಾತು ಸಹಿಸಿಕೊಂಡು. ಒಬ್ಬರೇ ಇದ್ದರೆ ರಾತ್ರಿ ‘ಎಂಡ್ಯೂರಿಂಗ್ ಲವ್’. ಗೊತ್ತಿಲ್ಲದ ಈವನ್ಸ್ ಬೇಕೆಂದರೆ 2023ರ ‘ನಯಾಡ್’. ಕ್ಯೂಬಾದಿಂದ ಫ್ಲಾರಿಡಾಕ್ಕೆ 64ನೆಯ ವಯಸ್ಸಿನಲ್ಲಿ ಈಜಿದ ಡಯಾನಾ ನಯಾಡ್ ಕಥೆ. ಆನೆಟ್ ಬೆನಿಂಗ್, ಜೋಡಿ ಫಾಸ್ಟರ್ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನವಾಯಿತು. ಅವರಿಬ್ಬರ ಪಕ್ಕದಲ್ಲಿ ದೋಣಿಯ ದಾರಿ ಲೆಕ್ಕ ಹಾಕುವ ಜಾನ್ ಬಾರ್ಟ್ಲೆಟ್ ಎಂಬ ದಣಿದ ಮನುಷ್ಯನೊಬ್ಬನಿದ್ದಾನೆ. ನಕ್ಷೆಯ ಮೇಲೆ ಬಗ್ಗಿ, ಪೆನ್ಸಿಲ್ ಹಿಡಿದು, ಪ್ರವಾಹ ಯಾವ ಕಡೆ ತಿರುಗಿದೆ ಎಂದು ನೋಡುತ್ತಿರುತ್ತಾನೆ. ಚಿತ್ರ ಮುಗಿದ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು: ‘ಆ ದೋಣಿಯವನನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?’